ಕಡಲಿನಲ್ಲಿ ಮಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಆರೋಗ್ಯಕ್ಕಾಗಿ ಈಜಿದವಳಲ್ಲ. ತೂಕ ಇಳಿಸಲಿಕ್ಕಲ್ಲ, ಬೆನ್ನುನೋವಿಗಲ್ಲ, ಮನಃಶಾಂತಿಗಂತೂ ಅಲ್ಲವೇ ಅಲ್ಲ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿದ್ದಷ್ಟು ವರ್ಷವೂ ಸಿಕ್ಕಸಿಕ್ಕ ಕನ್ನಡಿಗರೆಲ್ಲ ಇವುಗಳಲ್ಲಿ ಒಂದು ಕಾರಣವನ್ನು ನನ್ನ ಬಾಯಿಗೆ ತುರುಕಲು ನೋಡಿದರು. ನಾನು ಈಜಿದ್ದು ಗೆಲ್ಲಲಿಕ್ಕೆ. ನನ್ನ ಮುಂದೆ ಒಂದು ಜೊತೆ ಕಾಲು ನೀರು ಬಡಿಯುವುದು ಕಂಡರೆ ಅದನ್ನು ಹಿಂದೆ ಹಾಕುವ ತನಕ ನನಗೆ ಸಮಾಧಾನವಿರುತ್ತಿರಲಿಲ್ಲ. ಹೆಣ್ಣುಮಗಳು ಇದನ್ನು ಇಷ್ಟು ನೇರವಾಗಿ ಹೇಳಿದರೆ ಕೇಳಿದವರಿಗೆ ಕಸಿವಿಸಿಯಾಗುತ್ತದೆ. ಆಗಲಿ.

ಈಜು ಕಲಿತದ್ದು ಧಾರವಾಡದ ಹತ್ತಿರ, ಅಪ್ಪನ ಗೆಳೆಯರೊಬ್ಬರ ಹೊಲದ ಬಾವಿಯಲ್ಲಿ. ಅಪ್ಪ ಬೆನ್ನಿಗೆ ಬೆಂಡು ಕಟ್ಟಿ ಮೇಲಿನಿಂದ ನೂಕಿದರು. ಮುಳುಗಿ ಮೇಲೆ ಬಂದಾಗ ಅವರು ಮೆಟ್ಟಿಲ ಮೇಲೆ ಕೂತು ನಗುತ್ತಿದ್ದರು. ಆ ಸಿಟ್ಟಿಗೇ ಕೈಕಾಲು ಬಡಿದೆ. ಆಮೇಲೆ ಊರಿನ ಈಜುಕೊಳ, ಕಾಲೇಜು, ಯೂನಿವರ್ಸಿಟಿ ಸ್ಪರ್ಧೆಗಳು, ಗೋಡೆಯ ಮೇಲೆ ಒಂದಿಷ್ಟು ಪದಕ. ಮದುವೆಯಾದ ಮೇಲೆ ಪದಕಗಳು ಟ್ರಂಕಿಗೆ ಹೋದವು. ೨೦೦೧ರಲ್ಲಿ ಗಂಡನ ಟೆಲಿಕಾಂ ಕೆಲಸದ ಹಿಂದೆ ಸ್ಯಾನ್ ಡಿಯಾಗೊದ ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯ ಒಂದು ಅಪಾರ್ಟ್‌ಮೆಂಟಿಗೆ ಬಂದೆ. ಅವನದು ಕೆಲಸದ ವೀಸಾ, ನನ್ನದು ಡಿಪೆಂಡೆಂಟ್ ವೀಸಾ. ನಾನು ಕೆಲಸ ಮಾಡುವಂತಿರಲಿಲ್ಲ. ಯಾವ ಆಫೀಸಿನ ಕಿಟಕಿಗೆ ಹೋದರೂ ನನ್ನನ್ನು ಬಿಟ್ಟು ಅವನ ಹೆಸರನ್ನೇ ಕೇಳುತ್ತಿದ್ದರು. ಡಿಪೆಂಡೆಂಟ್ ಎಂಬ ಆ ಪದದ ಮೇಲೆ ನನಗೆ ಎಂಥ ದ್ವೇಷ ಹುಟ್ಟಿತೆಂದರೆ, ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಿದರೆ ಅವತ್ತಿಡೀ ನನ್ನ ತಲೆ ಕೆಟ್ಟಿರುತ್ತಿತ್ತು.

ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಗೋಡೆ ತಲೆಗೆ ಬಡಿಯುತ್ತಿತ್ತು. ಒಂದು ಶನಿವಾರ ಗಂಡ ಲಾ ಹೊಯಾದ ಸಮುದ್ರ ತೋರಿಸಲು ಕರೆದುಕೊಂಡು ಹೋದ. ಬಂಡೆಗಳ ನಡುವೆ ಸಣ್ಣದೊಂದು ಕೊಲ್ಲಿ. ಪ್ರವಾಸಿಗರೆಲ್ಲ ಬಂಡೆಯ ಮೇಲೆ ಬಿದ್ದುಕೊಂಡಿದ್ದ ಸೀಲ್ ಪ್ರಾಣಿಗಳ ಫೋಟೊ ತೆಗೆಯುತ್ತಿದ್ದರು. ನಾನು ನೋಡಿದ್ದು ನೀರಿನ ಮೇಲೆ ದೂರ ದೂರ ಹೋಗುತ್ತಿದ್ದ ಹಳದಿ, ಕೆಂಪು ಟೋಪಿಗಳನ್ನು. ಪ್ರತಿ ಟೋಪಿಯ ಕೆಳಗೂ ಒಂದು ತಲೆ ಇತ್ತು. ಅವರು ತಿರುಗಿ ದಡಕ್ಕೆ ಬರುವ ತನಕ ನಾನು ಕದಲಲಿಲ್ಲ. ಪಾರ್ಕಿಂಗ್ ಸಮಯ ಮುಗಿಯಿತು ಎಂದು ಗಂಡ ಗೊಣಗುತ್ತಲೇ ಇದ್ದ.

ಡ್ರೈವಿಂಗ್ ಲೈಸೆನ್ಸ್ ಸಿಕ್ಕ ವಾರವೇ ಒಬ್ಬಳೇ ಅಲ್ಲಿಗೆ ಹೋದೆ. ಪೆಸಿಫಿಕ್ ಸಾಗರ ಅಷ್ಟು ತಣ್ಣಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಸೊಂಟದ ತನಕ ಇಳಿದಾಗಲೇ ಉಸಿರು ಸಿಕ್ಕಿಕೊಂಡಿತು, ಮುಖ ಮುಳುಗಿಸಿದರೆ ಹಣೆ ಸಿಡಿಯಿತು. ಓಡಿ ದಡಕ್ಕೆ ಬಂದೆ. ಮೆಟ್ಟಿಲ ಹತ್ತಿರ ಟವೆಲ್ ಸುತ್ತಿಕೊಂಡು ನಿಂತಿದ್ದ, ಅರವತ್ತು ದಾಟಿದ ಅಮೆರಿಕದ ಹೆಂಗಸೊಬ್ಬಳು ನನ್ನನ್ನು ನೋಡಿ, 'ಅಷ್ಟೇನಾ?' ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳು ನಗಲಿಲ್ಲ, ನಿಜವಾಗಿಯೂ ಕೇಳಿದಳು. ನಾನು ಮತ್ತೆ ನೀರಿಗಿಳಿದೆ. ಅವತ್ತು ಎಷ್ಟು ದೂರ ಹೋದೆನೋ ನೆನಪಿಲ್ಲ. ತಿರುಗಿ ಬಂದು ಕಾರಿನ ಹೀಟರ್ ಹಚ್ಚಿಕೊಂಡು ಕೂತಾಗ ಸ್ಟಿಯರಿಂಗ್ ಹಿಡಿಯಲಾಗದಷ್ಟು ಕೈ ನಡುಗುತ್ತಿತ್ತು, ಮತ್ತು ನಾನು ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ಜೋರಾಗಿ ನಕ್ಕೆ.

ಆ ಹೆಂಗಸು ಶಾಲೆಯೊಂದರಲ್ಲಿ ವ್ಯಾಯಾಮ ಕಲಿಸಿ ನಿವೃತ್ತಳಾದವಳು. ಇಲ್ಲಿ ಅವಳನ್ನು ಟೀಚರ್ ಎಂದೇ ಕರೆಯುತ್ತೇನೆ. ತೆರೆದ ಸಮುದ್ರದಲ್ಲಿ ಈಜುವುದನ್ನು ನಾನು ಕಲಿತದ್ದು ಅವಳಿಂದ. ಮೂರು ಸಲ ಕೈ ಬೀಸಿದಾಗೊಮ್ಮೆ ತಲೆ ಎತ್ತಿ ದಡದ ಗುರುತು ನೋಡುವುದು, ತೆರೆ ಯಾವ ಕಡೆಯಿಂದ ಬರುತ್ತದೋ ಅದರ ವಿರುದ್ಧ ಕಡೆ ತಿರುಗಿ ಉಸಿರು ತೆಗೆದುಕೊಳ್ಳುವುದು, ಕಡಲಪಾಚಿಯ ಕಾಡು ಸಿಕ್ಕರೆ ಹೆದರಿ ಒದೆಯದೆ ಮೈ ಹಗುರ ಮಾಡಿ ಅದರ ಮೇಲೆ ಜಾರಿ ಹೋಗುವುದು. ರಬ್ಬರಿನ ಸೂಟ್ ಹಾಕಿಕೊಂಡರೆ ಚಳಿ ತಡೆಯಬಹುದಿತ್ತು, ಆದರೆ ಅದನ್ನು ಹಾಕಿದವರನ್ನು ಸ್ಪರ್ಧೆಗಳಲ್ಲಿ ಬೇರೆಯೇ ಎಣಿಸುತ್ತಿದ್ದರು. ನನ್ನನ್ನು ಬೇರೆಯಾಗಿ ಎಣಿಸುವುದು ಸಾಕಾಗಿತ್ತು. ಸಾದಾ ಈಜುಡುಗೆಯಲ್ಲೇ ಇಳಿದೆ.

ಮೊದಲ ಸ್ಪರ್ಧೆಯಲ್ಲಿ ನನ್ನ ಹಿಂದೆ ಇದ್ದವರು ಒಬ್ಬ ಮುದುಕ ಮತ್ತು ಕಾಲು ಸೆಳೆತ ಹಿಡಿದಿದ್ದ ಒಬ್ಬ ಹುಡುಗಿ. ಎರಡನೆಯ ವರ್ಷ ನಡುವಿನಲ್ಲಿ ಬಂದೆ. ನಾಲ್ಕನೆಯ ವರ್ಷದ ಹೊತ್ತಿಗೆ ನನ್ನ ವಯಸ್ಸಿನ ಹೆಂಗಸರಲ್ಲಿ ನನಗಿಂತ ಮುಂದೆ ಒಬ್ಬಳೇ ಇದ್ದಳು. ಐದನೆಯ ವರ್ಷ ಅವಳೂ ಇರಲಿಲ್ಲ. ಸ್ಯಾನ್ ಡಿಯಾಗೊದಿಂದ ಲಾಸ್ ಏಂಜಲೀಸ್ ತನಕ ಎಲ್ಲಿ ಪಿಯರ್‌ನಿಂದ ಪಿಯರ್‌ಗೆ, ಅಂದರೆ ಕಡಲೊಳಗೆ ಚಾಚಿದ ಒಂದು ಕಟ್ಟೆಯಿಂದ ಇನ್ನೊಂದಕ್ಕೆ, ಈಜುವ ಸ್ಪರ್ಧೆ ಇದ್ದರೂ ಹೋಗುತ್ತಿದ್ದೆ. ಹಿಂದಿನ ದಿನ ಲಾಸ್ ಏಂಜಲೀಸಿನ ಹತ್ತಿರದ ಸೆರಿಟೋಸಿನಲ್ಲಿದ್ದ ನಾದಿನಿಯ ಮನೆಯಲ್ಲಿ ಮಲಗಿ, ಬೆಳಿಗ್ಗೆ ಅವಳು ಕಟ್ಟಿಕೊಟ್ಟ ಅವಲಕ್ಕಿ ತಿಂದುಕೊಂಡು ಹೊರಡುವುದು. ಸ್ಪರ್ಧೆಯ ಶುರುವಿನಲ್ಲಿ ಎಲ್ಲರೂ ಒಟ್ಟಿಗೆ ನೀರಿಗೆ ಬಿದ್ದಾಗ ಮೊಣಕೈ, ಹಿಮ್ಮಡಿ ಎಲ್ಲ ಮುಖಕ್ಕೆ ಬೀಳುತ್ತವೆ. ನಾನೂ ಕೊಟ್ಟಿದ್ದೇನೆ, ಸುಳ್ಳೇಕೆ ಹೇಳಲಿ.

ನಮ್ಮ ಕನ್ನಡದ ಕೂಟಗಳಲ್ಲಿ ಇದು ಸುದ್ದಿಯಾಗದೆ ಇರುತ್ತದೆಯೇ? ಒಂದು ಯುಗಾದಿಯ ಊಟದಲ್ಲಿ, ಬೆಂಗಳೂರಿನ ಕಡೆಯ ಆಂಟಿಯೊಬ್ಬರು ನನ್ನ ತೋಳು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

'ಅಯ್ಯೋ, ಏನಮ್ಮಾ ಇಷ್ಟೊಂದು ಕಪ್ಪಾಗ್ಬಿಟ್ಟಿದ್ದೀಯಾ? ಸನ್‌ಸ್ಕ್ರೀನ್ ಹಚ್ಕೊಳಲ್ವಾ?'

'ಹಚ್ಕೋತೀನಿ ಆಂಟಿ. ಸೂರ್ಯನಿಗೆ ಅದು ಗೊತ್ತಾಗಂಗಿಲ್ಲ.'

ಅವರು ದನಿ ತಗ್ಗಿಸಿದರು. ತಗ್ಗಿಸಿದರೂ ಕೋಸಂಬರಿ ಬಡಿಸುತ್ತಿದ್ದ ಮೂವರಿಗೆ ಕೇಳುವಷ್ಟು ಜೋರಾಗಿಯೇ ಇತ್ತು. 'ಬೇಜಾರು ಮಾಡ್ಕೋಬೇಡ, ಅಷ್ಟು ತಣ್ಣೀರಲ್ಲಿ ಗಂಟೆಗಟ್ಟಲೆ ಕೂತ್ರೆ ಮಕ್ಕಳಾಗೋದು ಕಷ್ಟ ಅಂತಾರೆ. ಡಾಕ್ಟರನ್ನ ಕೇಳಿದ್ದೀಯಾ?'

'ಕೂಡಂಗಿಲ್ಲ ಆಂಟಿ, ಈಜ್ತೀನಿ. ಕೂತ್ರ ಮುಳುಗ್ತೀನಿ.'

ನಮಗೆ ಮಕ್ಕಳಿರಲಿಲ್ಲ. ಯಾಕಿರಲಿಲ್ಲ ಎಂದು ಆಗ ಕೇಳಿದವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ: ಅದು ನಿಮಗೆ ಬೇಡದ ವಿಷಯ.

ಮಾವ ತೀರಿಕೊಂಡ ಮೇಲೆ, ೨೦೦೪ರಲ್ಲಿ, ಅತ್ತೆ ನಮ್ಮಲ್ಲಿಗೆ ಬಂದರು. ವಿಸಿಟರ್ ವೀಸಾ ಆದ್ದರಿಂದ ವರ್ಷದಲ್ಲಿ ಅರ್ಧ ನಮ್ಮ ಮನೆ, ಅರ್ಧ ಹುಬ್ಬಳ್ಳಿಯ ಹಿರಿಯ ಮಗಳ ಮನೆ. ಅವರು ಬರುವಾಗ ಸೂಟ್‌ಕೇಸಿನಲ್ಲಿ ಮಡಿಯನ್ನೂ ತಂದರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಯಾರೂ ಮುಟ್ಟದಂತೆ ಬಾತ್‌ರೂಮಿನ ಎತ್ತರದ ಸರಳಿನ ಮೇಲೆ ಒಣಗಿಸಿದ ಸೀರೆ ಉಟ್ಟು, ದೇವರ ಪೂಜೆ ಮತ್ತು ಅಡುಗೆ ಮುಗಿಯುವ ತನಕ ಯಾರನ್ನೂ ಮುಟ್ಟುವಂತಿಲ್ಲ, ಯಾರೂ ಅವರನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಎಲ್ಲ ಕೆಟ್ಟಿತು. ಮತ್ತೆ ತಲೆಯ ಮೇಲೆ ನೀರು, ಮತ್ತೆ ಮೊದಲಿಂದ. ಸೆಂಟ್ರಲ್ ಹೀಟಿಂಗ್ ಇದ್ದ, ಪಕ್ಕದ ಮನೆಯವರು ಬಾರ್ಬೆಕ್ಯೂ ಮಾಡುತ್ತಿದ್ದ ಆ ಅಪಾರ್ಟ್‌ಮೆಂಟಿನಲ್ಲಿ ಇದೆಲ್ಲ ಚಾಚೂ ತಪ್ಪದೆ ನಡೆಯಿತು. ಮಡಿ ಎನ್ನುವುದನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮನುಷ್ಯರನ್ನು ಮುಟ್ಟಿದರೆ ಕೊಳೆಯಾಗುತ್ತದೆ ಎನ್ನುವ ಮಾತಿಗೆ ಯಾವ ಶಾಸ್ತ್ರದ ಹೆಸರು ಹೇಳಿದರೂ ಅದು ಕೆಟ್ಟ ಮಾತೇ.

ನಾನು ಸಮುದ್ರದಿಂದ ಬರುವ ಹೊತ್ತೂ ಅವರ ಮಡಿಯ ಹೊತ್ತೂ ಒಂದೇ. ಮೈಯೆಲ್ಲ ಉಪ್ಪು, ಕೂದಲಲ್ಲಿ ಪಾಚಿ, ಹೊಟ್ಟೆಯಲ್ಲಿ ಬೆಂಕಿಯಂಥ ಹಸಿವು. ಬಾಗಿಲು ತೆರೆದರೆ ಅಡುಗೆಮನೆಯಿಂದ ದನಿ ಬರುತ್ತಿತ್ತು.

'ಮುಟ್ಟಬ್ಯಾಡ! ಮಡೀಲೆ ಇದ್ದೀನಿ. ದೂರ ಸರಿ.'

ದಿನವೂ ಅದೇ. ಒಂದು ದಿನವಾದರೂ 'ಬಂದೆಯಾ' ಎಂದು ಕೇಳಲಿಲ್ಲ. ನನ್ನ ಉಪ್ಪು ನೀರಿನ ಬಗ್ಗೆ ಅವರಿಗೆ ಬೇರೆ ತಕರಾರೂ ಇತ್ತು. 'ಸಮುದ್ರ ಸ್ನಾನಕ್ಕ ತಿಥಿ ಅಂತ ಇರ್ತದ. ಅಮಾವಾಸಿ, ಹುಣ್ಣಿವಿ. ಹಗಲೆಲ್ಲಾ ಹೋಗಿ ಸಮುದ್ರ ಮುಟ್ಟಬಾರದು.'

'ಈ ಸಮುದ್ರಕ್ಕ ನಮ್ಮ ಪಂಚಾಂಗ ಓದ್ಲಿಕ್ಕೆ ಬರಂಗಿಲ್ಲ ಅತ್ಯಾ,' ಎನ್ನುತ್ತಿದ್ದೆ.

ಗಂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದ. ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು, ಏಕವಚನದಲ್ಲೇ ಮಾತು. ಅತ್ತೆಗೆ ಅದೂ ಹಿಡಿಸುತ್ತಿರಲಿಲ್ಲ.

ಕ್ಯಾಟಲಿನಾ ದ್ವೀಪವನ್ನು ನಾನು ಮೊದಲು ನೋಡಿದ್ದು ಲಾಸ್ ಏಂಜಲೀಸಿನ ದಕ್ಷಿಣಕ್ಕೆ, ಪ್ಯಾಲೊಸ್ ವರ್ಡೀಸಿನ ಕಡಿದಾದ ದಂಡೆಯ ಮೇಲಿನಿಂದ. ಸೆರಿಟೋಸಿನ ನಾದಿನಿ ಎಲ್ಲರನ್ನೂ ಅಲ್ಲಿಗೆ ತಿರುಗಾಡಲು ಕರೆದುಕೊಂಡು ಹೋಗಿದ್ದಳು. ಮಂಜು ಸರಿದಾಗ ದೂರದಲ್ಲಿ ಬೂದು ಬಣ್ಣದ ಬೆಟ್ಟದ ಸಾಲು ಕಂಡಿತು. ಅಲ್ಲಿಂದ ಇಲ್ಲಿಗೆ ಇಪ್ಪತ್ತು ಮೈಲಿಯಂತೆ, ಅದನ್ನು ಈಜಿ ದಾಟುವವರೂ ಇದ್ದಾರಂತೆ ಎಂದು ಟೀಚರ್ ಹೇಳಿದ್ದು ನೆನಪಾಯಿತು. ಅವರೆಲ್ಲ ಚಕ್ಕುಲಿ ತಿನ್ನುತ್ತಿದ್ದರು. ನನ್ನ ಕೈಯಲ್ಲಿದ್ದ ಚಕ್ಕುಲಿ ಹಾಗೇ ಉಳಿಯಿತು. ಗಂಡ ನನ್ನ ಮುಖ ನೋಡಿ, 'ಬ್ಯಾಡ,' ಎಂದ. ನಾನು ಇನ್ನೂ ಬಾಯಿಯೇ ತೆರೆದಿರಲಿಲ್ಲ.

ಯಾಕೆ ಬೇಕಾಗಿತ್ತು ಅದು? ಸ್ಪರ್ಧೆಯ ಪದಕಗಳು ಮುಂದಿನ ವರ್ಷ ಇನ್ನೊಬ್ಬಳ ಪಾಲಾಗುತ್ತವೆ. ಆದರೆ ದ್ವೀಪದಿಂದ ಆ ಕಡಲು ದಾಟಿದವರ ಪಟ್ಟಿಗೆ ಒಮ್ಮೆ ಸೇರಿದರೆ ಅಲ್ಲಿಂದ ಯಾರೂ ತೆಗೆಯುವಂತಿಲ್ಲ. ಅಲ್ಲಿ ಬರೆಯುವುದು ದಾಟಿದವಳ ಹೆಸರನ್ನು ಮಾತ್ರ. ಯಾರ ಹೆಂಡತಿ, ಯಾವ ವೀಸಾ ಎಂದು ಯಾರೂ ಕೇಳುವುದಿಲ್ಲ. ನನಗೆ ಅದು ಬೇಕಾಗಿತ್ತು, ತುಂಬಾ ಬೇಕಾಗಿತ್ತು.

ಎರಡು ವರ್ಷ ತಯಾರಿ ನಡೆಯಿತು. ದೀರ್ಘ ಈಜಿನಲ್ಲಿ ಹೊಟ್ಟೆಗೆ ಏನಾದರೂ ಬೀಳುತ್ತಲೇ ಇರಬೇಕು. ಅಂಗಡಿಯ ಸಿಹಿ ಪುಡಿಗಳನ್ನು ಕಲಸಿ ಕುಡಿದರೆ ನನಗೆ ವಾಂತಿಯಾಗುತ್ತಿತ್ತು. ಕೊನೆಗೆ ಹೊಟ್ಟೆಯಲ್ಲಿ ನಿಂತದ್ದು ಅತ್ತೆ ಮಾಡಿದ ಜೋಳದ ಅಂಬಲಿ, ಮಜ್ಜಿಗೆ ಮತ್ತು ಉಪ್ಪು ಹಾಕಿದ್ದು. 'ಮೀನಿಗೆ ಹಾಕ್ಲಿಕ್ಕೆ ಅಂಬಲಿ ಮಾಡೂ ಹಣೆಬರಹ ಬಂತು ನನಗ,' ಎಂದು ಬೈಯುತ್ತಲೇ ಅವರು ಬಾಟಲಿ ತುಂಬುತ್ತಿದ್ದರು. ತುಂಬಿದ ಬಾಟಲಿಯನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ, ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದರು.

೨೦೦೭ರ ಸೆಪ್ಟೆಂಬರಿನಲ್ಲಿ ನನ್ನ ಸರದಿ ಬಂತು. ಸ್ಯಾನ್ ಪೀಡ್ರೊ ಬಂದರಿನಿಂದ ಬಾಡಿಗೆಯ ಬೋಟು. ಬೋಟಿನಲ್ಲಿ ಅದನ್ನು ನಡೆಸುವವನು, ನನ್ನ ಗಂಡ, ನನ್ನ ಪಕ್ಕದಲ್ಲೇ ಕಯಾಕ್ ಎಂಬ ಸಣ್ಣ ದೋಣಿಗೆ ಹುಟ್ಟು ಹಾಕಲು ಟೀಚರ್, ಮತ್ತು ಎಲ್ಲ ನಿಯಮದ ಪ್ರಕಾರ ನಡೆಯಿತೇ ಎಂದು ನೋಡಿ ಬರೆದುಕೊಳ್ಳುವ ಒಬ್ಬ ವಯಸ್ಸಾದ ವೀಕ್ಷಕ. ಇಷ್ಟೇ ಜನ ಎಂದುಕೊಂಡಿದ್ದೆವು. ಹೊರಡುವ ದಿನ ನೋಡಿದರೆ ಅತ್ತೆ ಧಾಬಳಿ ಉಟ್ಟು ಕಾರಿನ ಹತ್ತಿರ ನಿಂತಿದ್ದರು. ಉಣ್ಣೆಯ ಆ ಬಟ್ಟೆಗೆ ಮೈಲಿಗೆ ತಾಗುವುದಿಲ್ಲವಂತೆ, ಬೋಟಿನಲ್ಲಿ ಸ್ನಾನ ಇಲ್ಲದಿದ್ದರೂ ಮಡಿ ನಡೆಯುತ್ತದಂತೆ.

'ನೀವೆಲ್ಲಿಗೆ ಅತ್ಯಾ?'

'ಮನೀ ಸೊಸೀನ್ನ ಸಮುದ್ರಕ್ಕ ಬಿಟ್ಟು ನಾ ಇಲ್ಲೆ ಟಿ.ವಿ. ನೋಡ್ಕೋತ ಕೂಡ್ಲೇನು?'

ದ್ವೀಪದ ದಂಡೆಗೆ ಹೋದ ಮೇಲೆ ಗಂಡ ಕೈಗೆ ಗ್ಲೋವ್ಸ್ ಹಾಕಿಕೊಂಡು ಚರ್ಮ ತಿಕ್ಕಿ ಹುಣ್ಣಾಗದಿರಲೆಂದು ನನ್ನ ಕುತ್ತಿಗೆಗೆ, ಕಂಕುಳಿಗೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು ಹಚ್ಚಿದ. ಅತ್ತೆ ಮೂಗು ಮುರಿದರು. 'ಧಾಬಳಿ ಮಡಿಗೆ ನಡೀತದ ಅಂದ ಮ್ಯಾಲೆ ಕುರಿ ಜಿಡ್ಡೂ ನಡೀತದ ಬಿಡ್ರಿ,' ಎಂದೆ. ವೀಕ್ಷಕ ನಿಯಮಗಳನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದ. ಬೋಟನ್ನಾಗಲಿ ಕಯಾಕನ್ನಾಗಲಿ ಹಿಡಿಯುವಂತಿಲ್ಲ. ಈಜುವವರನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಈಜು ಅಲ್ಲಿಗೆ ಮುಗಿಯಿತು. ಎಲ್ಲರೂ ತಲೆಯಾಡಿಸಿದರು. ಅತ್ತೆಯೂ ತಲೆಯಾಡಿಸಿದರು. ಏನಂದ ಎಂದು ಅವರು ಮಗನನ್ನು ಕೇಳಿದಾಗ, 'ಬೋಟಿನ ಅಂಚಿಗೆ ಹೋಗಬ್ಯಾಡ್ರಿ ಅಂತಾನ ಅವ್ವಾ,' ಎಂದು ಅವನು ಒಂದೇ ಮಾತಿನಲ್ಲಿ ಮುಗಿಸಿದ.

ಗಾಳಿ ಕಡಿಮೆ ಇರಲಿ ಎಂದು ಈ ಈಜನ್ನು ಕತ್ತಲಲ್ಲೇ ಶುರು ಮಾಡುತ್ತಾರೆ. ಆ ಭಾಗದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕತ್ತಲು, ತಣ್ಣಗಿನ ನೀರು, ಟೀಚರಳ ಕಯಾಕಿನ ಸಣ್ಣ ದೀಪ. ಆಗಾಗ ಗಂಡ ಹಗ್ಗ ಕಟ್ಟಿದ ಬಾಟಲಿ ಎಸೆಯುತ್ತಿದ್ದ, ನಾನು ತೇಲುತ್ತಲೇ ಅಂಬಲಿ ಕುಡಿದು ಬಾಟಲಿ ಬಿಡುತ್ತಿದ್ದೆ. ಬೆಳಕಾದಾಗ ಎದುರಿಗೆ ಪ್ಯಾಲೊಸ್ ವರ್ಡೀಸಿನ ದಂಡೆ ಸ್ಪಷ್ಟವಾಗಿ ಕಂಡಿತು. ಮನೆಗಳ ಕಿಟಕಿಗಳೂ ಕಾಣುತ್ತಿದ್ದವು.

ಆ ದಂಡೆಯ ಹತ್ತಿರ ಆಳದ ತಣ್ಣೀರು ಮೇಲೆ ಬರುತ್ತದೆ. ಟೀಚರ್ ಮೊದಲೇ ಎಚ್ಚರಿಸಿದ್ದಳು, ಆದರೂ ಅದು ಮೈಗೆ ಹೊಡೆದಾಗ ನನ್ನ ಕೈಗಳು ನನ್ನ ಮಾತು ಕೇಳುವುದನ್ನು ಬಿಟ್ಟವು. ಇನ್ನೊಂದು ಮೈಲಿ ಉಳಿದಿತ್ತು. ಬಾಟಲಿ ಬಂತು, ಕುಡಿದೆ, ಕುಡಿದದ್ದೆಲ್ಲ ವಾಂತಿಯಾಯಿತು. ತೇಲುತ್ತಾ ತೇಲುತ್ತಾ ಬೋಟಿನ ಹಿಂಬದಿಗೆ ತೀರಾ ಹತ್ತಿರ ಹೋಗಿಬಿಟ್ಟಿದ್ದೆ. ಅಲ್ಲಿ ನೀರಿನ ಮಟ್ಟಕ್ಕೇ ಒಂದು ಹಲಗೆ ಇತ್ತು, ಮತ್ತು ಆ ಹಲಗೆಯ ಮೇಲೆ, ಅಂಚಿಗೆ ಹೋಗಬೇಡಿ ಎಂದಿದ್ದರೂ, ಅತ್ತೆ ಮೊಣಕಾಲೂರಿ ಕೂತಿದ್ದರು.

'ಯವ್ವಾ, ತುಟಿ ನೋಡ, ನೀಲಿ ಆಗ್ಯಾವ ನನ್ನ ಕೂಸಿಂದು,' ಎಂದರು. ಬಗ್ಗಿ, ವಾಂತಿಯೂ ಸಿಂಬಳವೂ ಮೆತ್ತಿದ್ದ ನನ್ನ ಮುಖವನ್ನು ಧಾಬಳಿಯ ಸೆರಗಿನಿಂದ ಒರೆಸಿದರು. ಎರಡೂ ಕೈಯಿಂದ ನನ್ನ ತಲೆ ಹಿಡಿದುಕೊಂಡರು.

ಟೀಚರ್ ಕೂಗಿದಳು. ಗಂಡ ಕೂಗಿದ. ವೀಕ್ಷಕ ಪೆನ್ನನ್ನು ಜೇಬಿಗೆ ಸೇರಿಸಿದ್ದನ್ನು ನಾನು ನೀರಿನಿಂದಲೇ ನೋಡಿದೆ. ಒಳ್ಳೆಯ ಮನುಷ್ಯ, ಅವನ ಕಣ್ಣು ತುಂಬಿತ್ತು. 'ಕ್ಷಮಿಸು,' ಎಂದ. ಮೇಲೆ ಬಾ ಎಂದು ಗಂಡ ಏಣಿ ಇಳಿಸಿದ.

ನಾನು ಏಣಿ ಹತ್ತಲಿಲ್ಲ. ತಿರುಗಿ ದಂಡೆಯ ಕಡೆ ಈಜಿದೆ. ಆ ಸಿಟ್ಟು ಯಾವ ಅಂಬಲಿಯಿಂದಲೂ ಬಾರದ ಶಕ್ತಿ ಕೊಟ್ಟಿತು. ಬಂಡೆಗಳ ನಡುವೆ ಎದ್ದು ನಿಂತೆ, ನೀರು ದಾಟಿ ಒಣ ಕಲ್ಲಿನ ಮೇಲೆ ಕಾಲಿಟ್ಟೆ. ಲೆಕ್ಕಕ್ಕಿಲ್ಲದ ಈಜು. ಆದರೆ ಅಲ್ಲಿಂದ ಇಲ್ಲಿಗೆ ಬಂದದ್ದು ನಾನೇ ತಾನೆ? ಯಾರೂ ಇಲ್ಲದ ಆ ಕಲ್ಲುಗಳ ಮೇಲೆ ನಿಂತು ಬಾಯಿಗೆ ಬಂದದ್ದನ್ನೆಲ್ಲ ಕನ್ನಡದಲ್ಲಿ ಬೈದೆ. ಅಲ್ಲಿದ್ದ ಕಡಲಹಕ್ಕಿಗಳು ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆಯ ಜೊತೆ ಮಾತು ಬಿಟ್ಟೆ. ದೀಪಾವಳಿಯ ಕೂಟದಲ್ಲಿ ಅದೇ ಆಂಟಿ ನಗುತ್ತಾ, 'ಅತ್ತೇನೇ ಸೊಸೇನ ಕೆಡವಿದ್ರಂತೆ, ಅದೂ ಸಮುದ್ರದ ಮಧ್ಯದಲ್ಲಿ,' ಎಂದು ಯಾರಿಗೋ ಹೇಳುತ್ತಿದ್ದರು. ಅತ್ತೆ ಅವರ ಬೆನ್ನ ಹಿಂದೆಯೇ ತಟ್ಟೆ ಹಿಡಿದು ನಿಂತಿದ್ದರು. ಊಟ ಮುಟ್ಟದೆ ತಟ್ಟೆಯನ್ನು ಹಾಗೇ ಇಟ್ಟು ಕಾರಿನಲ್ಲಿ ಹೋಗಿ ಕೂತರು.

ಮರುದಿನ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು.

'ನಾ ಮುಟ್ಟಿದ್ದಕ್ಕ ಎಲ್ಲಾ ಹೋತೇನು?'

'ಹೂಂ.'

'ಒಂದು ಮಾರಿ ಒರಸಿದ್ದಕ್ಕ?'

ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೇಳಿಯೇಬಿಟ್ಟೆ. 'ನೀವು ಮಡೀಲೆ ಇದ್ದಾಗ ನಾ ಬಂದು ಮುಟ್ಟಿದ್ರ ಏನಾಗ್ತದ?'

'ಮಡಿ ಹೋಗ್ತದ. ಮತ್ತ ಸ್ನಾನ ಮಾಡಬೇಕು. ಮತ್ತ ಮೊದಲಿಂದ.'

'ನೀರಾಗ ಇಳದಾಗ ನಾನೂ ಹಂಗ. ನೀರು ದಾಟೂತನಕ ಯಾರೂ ಮುಟ್ಟೂ ಹಂಗಿಲ್ಲ. ಮುಟ್ಟಿದ್ರ ಮತ್ತ ಮೊದಲಿಂದ.'

ಅವರು ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ, ಕೆಂಡಾಮಂಡಲವಾದರು.

'ಹಂಗಂತ ಮೊದಲ ಹೇಳಬೇಕಿಲ್ಲೋ? ಇಂಗ್ಲೀಷಿನ್ಯಾಗ ಓದಿ ಯಾರಿಗೆ ಹೇಳಿದ್ರಿ? ಮಡಿ ಅಂದಿದ್ರ ನನಗ ತಿಳೀತಿದ್ದಿಲ್ಲೇನು? ಐವತ್ತು ವರ್ಷ ಮಾಡೀನಿ ನಾ. ಆ ಹಾಳು ಬೋಟಿನ್ಯಾಗ ಮಡಿ ಅಂದ್ರೇನು ಅಂತ ಗೊತ್ತಿದ್ದಾಕಿ ನಾ ಒಬ್ಬಾಕೀನ!'

ಸರಿಯಾದ ಮಾತು. ಆಗಲೇ ಇನ್ನೊಂದು ವಿಷಯ ತಲೆಗೆ ಬಂತು, ಬಂದ ಮೇಲೆ ಹೋಗಲಿಲ್ಲ. ನಾನು ಸೊಸೆಯಾಗಿ ಬಂದಾಗಿನಿಂದ ಅತ್ತೆ ತಾವಾಗಿ ನನ್ನನ್ನು ಮುಟ್ಟಿದ್ದು ಅದೊಂದೇ ಸಲ. ಅದೂ ಮಡಿಯಲ್ಲಿದ್ದಾಗ, ನಾನು ವಾಂತಿ ಮಾಡಿಕೊಂಡಿದ್ದಾಗ, ಅಮಾವಾಸ್ಯೆಯೂ ಅಲ್ಲದ ಹುಣ್ಣಿಮೆಯೂ ಅಲ್ಲದ ದಿನ ಸಮುದ್ರದ ನೀರಿಗೆ ಕೈ ಹಾಕಿ. ಅಷ್ಟೂ ನೇಮಗಳನ್ನು ಅವರು ಒಂದು ಕ್ಷಣದಲ್ಲಿ ಬಿಸಾಕಿದ್ದರು. ನಾನು ಅವತ್ತು ಕಳೆದುಕೊಂಡದ್ದನ್ನು ಮಾತ್ರ ನೋಡಿದ್ದೆ.

ಮುಂದಿನ ವರ್ಷ ಮತ್ತೆ ಹೋಗುತ್ತೇನೆ ಎಂದಾಗ ಎಲ್ಲರೂ ಹೇಳಿದ್ದು ಒಂದೇ. ಅತ್ತೆ ಬೋಟು ಹತ್ತಬಾರದು. ಟೀಚರ್ ಅದನ್ನು ಮೆತ್ತಗೆ ಹೇಳಿದಳು, ಗಂಡ ಜೋರಾಗಿ ಹೇಳಿದ, ಸೆರಿಟೋಸಿನ ನಾದಿನಿ ಫೋನ್ ಮಾಡಿ, 'ಅವ್ವನ್ನ ನಮ್ಮನ್ಯಾಗ ಬಿಟ್ಟು ಹೋಗು,' ಎಂದಳು. ಅತ್ತೆಯೇ ಬರಲ್ಲ ಎಂದರು. ಅವರ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ, ನನಗೆ ಹಿಡಿಸಲೂ ಇಲ್ಲ.

'ಅವರು ಬರಲಿಲ್ಲ ಅಂದ್ರ ನಾನೂ ಹೋಗಂಗಿಲ್ಲ,' ಎಂದೆ ಎಲ್ಲರಿಗೂ. 'ಬೋಟು ನಾ ಗೊತ್ತು ಮಾಡಿದ್ದು. ಯಾರು ಹತ್ತಬೇಕು ಅನ್ನೂದೂ ನಾನ ಹೇಳ್ತೀನಿ.'

೨೦೦೮ರ ಆ ಈಜಿನಲ್ಲಿ ವೀಕ್ಷಕ ಅವನೇ. ಅತ್ತೆಯನ್ನು ಕಂಡು ಅವನ ಮುಖ ಸಪ್ಪಗಾಯಿತು. ಅವನು ನಿಯಮ ಓದಿದ, ಈ ಸಲ ಪ್ರತಿ ಮಾತನ್ನೂ ನಾನೇ ಕನ್ನಡದಲ್ಲಿ ಹೇಳಿದೆ. ಅತ್ತೆ ಕೇಳಿಸಿಕೊಂಡು, 'ಇಷ್ಟ ಏನು?' ಎಂದರು, ತಮ್ಮ ಮನೆಯ ನೇಮಕ್ಕೆ ಹೋಲಿಸಿದರೆ ಇದು ಏನೂ ಅಲ್ಲ ಎನ್ನುವಂತೆ. ಆಮೇಲೆ ಬೋಟಿನ ಪೂರ್ತಿ ಕಾರುಬಾರು ಅವರ ಕೈಗೆ ಹೋಯಿತು. ಗಂಡ ಬಾಟಲಿ ಕೊಡಲು ಸ್ವಲ್ಪ ಬಗ್ಗಿದರೆ ಸಾಕು, 'ಮುಟ್ಟೀಯ! ದೂರ ಸರಿ!' ಎಂದು ಅಬ್ಬರಿಸುತ್ತಿದ್ದರು. ಟೀಚರಳ ಹುಟ್ಟು ನನ್ನ ಹತ್ತಿರ ಬಂದರೆ ಅವಳಿಗೂ ಅದೇ ಬೈಗಳು, ಅದೇ ಕನ್ನಡದಲ್ಲಿ. ಆಶ್ಚರ್ಯವೆಂದರೆ ಅವಳು ಸರಿಯುತ್ತಿದ್ದಳು.

ಬೆಳಕಾಯಿತು. ಮತ್ತೆ ಅದೇ ದಂಡೆ, ಅದೇ ಕಿಟಕಿಗಳು, ಅದೇ ತಣ್ಣೀರು. ಈ ಸಲ ಇನ್ನೂ ಕೆಟ್ಟದಾಗಿತ್ತು. ಕಣ್ಣು ಮಂಜಾಯಿತು, ಎಡಗೈ ಮೇಲೇಳಲಿಲ್ಲ. ಬೋಟಿನ ಹಿಂಬದಿಯ ಹಲಗೆ ಎದುರಿಗೇ ಇತ್ತು. ನಿಜ ಹೇಳುತ್ತೇನೆ, ಆಗ ನನಗೆ ಯಾವ ಪಟ್ಟಿಯೂ ಯಾವ ಹೆಸರೂ ಬೇಕಾಗಿರಲಿಲ್ಲ. ಬೆಚ್ಚಗಿನ ಕೈ ಬೇಕಾಗಿತ್ತು. ಹಲಗೆಯ ಮೇಲೆ ಅತ್ತೆ ಕೂತಿದ್ದರು. ನಾನು ಕೈ ಚಾಚಿದೆ.

ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

'ಮುಟ್ಟಬ್ಯಾಡ!' ಎಂದು ಕಿರುಚಿದರು. 'ದೂರ ಸರಿ!'

ಆ ಮಾತು! ಅಡುಗೆಮನೆಯ ಬಾಗಿಲಲ್ಲಿ, ಹಸಿದು ಬಂದಾಗ, ಪ್ರತಿ ಬೆಳಿಗ್ಗೆ ನನ್ನನ್ನು ಹೊರಗೆ ನಿಲ್ಲಿಸಿದ್ದ ಅದೇ ಮಾತು. ಮೈಯಲ್ಲಿ ಉಳಿದಿದ್ದ ರಕ್ತವೆಲ್ಲ ತಲೆಗೇರಿತು. ಚಾಚಿದ ಕೈಯನ್ನು ಹಿಂದಕ್ಕೆಳೆದು ನೀರಿಗೆ ಹೊಡೆದೆ, ಇನ್ನೊಂದು ಸಲ ಹೊಡೆದೆ. ಹಿಂದಿನಿಂದ ಅವರ ದನಿ ನಿಲ್ಲಲೇ ಇಲ್ಲ. ಮುಟ್ಟಬ್ಯಾಡ, ನಡೀ, ಮುಟ್ಟಬ್ಯಾಡ, ನಡೀ. ಆ ದನಿಯಿಂದ ದೂರ ಹೋಗಲು ಈಜಿದೆನೋ, ಅದರ ಆಸರೆಯಿಂದ ಈಜಿದೆನೋ, ಎರಡೂ ಇರಬೇಕು. ಕಾಲಿಗೆ ಕಲ್ಲು ತಾಗಿತು. ಬಿದ್ದೆ, ಎದ್ದೆ, ಮತ್ತೆ ಬಿದ್ದೆ, ನಾಲ್ಕು ಕಾಲಿನ ಮೇಲೆ ತೆವಳಿ ನೀರು ದಾಟಿದೆ. ದೂರದ ಬೋಟಿನಿಂದ ಹಾರ್ನ್ ಕೇಳಿಸಿತು. ಅದು ನನಗಾಗಿ ಬಾರಿಸಿದ್ದು.

ಬಂಡೆಗಳಿದ್ದುದರಿಂದ ಬೋಟು ದಡಕ್ಕೆ ಬರುವಂತಿರಲಿಲ್ಲ. ಟೀಚರಳ ಕಯಾಕ್ ಹಿಡಿದುಕೊಂಡು ನಾನೇ ಬೋಟಿನ ತನಕ ಹೋದೆ. ಗಂಡ ಏಣಿ ಇಳಿಸಿ ಅಳುತ್ತಿದ್ದ. ಆದರೆ ಏಣಿಗೆ ಅಡ್ಡವಾಗಿ, ಕೈಗಳನ್ನು ಇನ್ನೂ ಹಿಂದೆಯೇ ಕಟ್ಟಿಕೊಂಡು ಅತ್ತೆ ನಿಂತಿದ್ದರು. ಮಗನನ್ನೂ ಮುಂದೆ ಬರಲು ಬಿಡುತ್ತಿರಲಿಲ್ಲ. ವೀಕ್ಷಕನ ಕಡೆ ತಿರುಗಿ, ಅಷ್ಟು ವರ್ಷಗಳಲ್ಲಿ ನಾನು ಅವರ ಬಾಯಿಂದ ಕೇಳಿದ ಮೊದಲ ಇಂಗ್ಲಿಷ್ ಮಾತನ್ನು ಆಡಿದರು.

'ಟಚ್, ಓಕೇ?'

ಅವನು ಓಕೆ ಎಂದ. ಅತ್ತೆ ಹಲಗೆಯ ಮೇಲೆ ಕೂತು, ಉಪ್ಪು, ಜಿಡ್ಡು, ರಕ್ತ ಎಲ್ಲ ಮೆತ್ತಿದ್ದ ನನ್ನನ್ನು ಎಳೆದು ಧಾಬಳಿಯೊಳಗೆ ಸುತ್ತಿಕೊಂಡರು. ಬಂದರು ಮುಟ್ಟುವ ತನಕ ಬಿಡಲಿಲ್ಲ.

ಅದಾದ ಮೇಲೆ ಅವರು ಬದಲಾದರೆಂದು ನೀವು ತಿಳಿದರೆ ತಪ್ಪು. ಎರಡು ದಿನ ಮಲಗಿ ಎದ್ದ ನಾನು ಬೆಳಿಗ್ಗೆ ಅಡುಗೆಮನೆಗೆ ಹೋದರೆ ಒಲೆಯ ಮುಂದಿನಿಂದ ಅದೇ ದನಿ ಬಂತು. 'ಮುಟ್ಟಬ್ಯಾಡ! ಮಡೀಲೆ ಇದ್ದೀನಿ.'

ನಾನು ನೇರವಾಗಿ ಹೋಗಿ ಹಿಂದಿನಿಂದ ಅವರನ್ನು ತಬ್ಬಿಕೊಂಡೆ, ಬೇಕಂತಲೇ, ಬಿಗಿಯಾಗಿ. ಅವರು ಕೈಯಲ್ಲಿದ್ದ ಸೌಟು ಎತ್ತಿದರು, ಹೊಡೆಯಲಿಲ್ಲ. ನನ್ನ ಕೈಗಳನ್ನು ಬಿಡಿಸಿಕೊಳ್ಳಲೂ ಇಲ್ಲ. ಸಾರು ಉಕ್ಕಿದಾಗ ಒಲೆ ಆರಿಸಿ, 'ಮತ್ತ ಮೊದಲಿಂದ,' ಎಂದು ಗೊಣಗುತ್ತಾ ಸ್ನಾನಕ್ಕೆ ಹೋದರು.